ಡಾರ್ಕಸ್ ಬಿಲ್ಲೆ, ಟ್ಯಾಮ್ಸಿನ್ ಮೋಂಬತ್ತಿ

ಹಾಲ್ಸ್‌ಬಿಯ ಕುರಿಪೇಟೆ ಬೀದಿಯಲ್ಲಿ ಬೆಳಕು ಹರಿಯುವ ಮೊದಲೇ ಕೊಬ್ಬು ಕರಗುವ ವಾಸನೆ ಎದ್ದಿರುತ್ತದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ಬೀದಿಯವರು ಎದ್ದು ಒಲೆ ಹಚ್ಚುತ್ತಾರೆ. ಕೊನೆಯ ಅಂಗಡಿಯ ಹಿಂಭಾಗದಲ್ಲಿ ಟ್ಯಾಮ್ಸಿನ್ ಫೆನ್ ಅಂಗಿಯ ತೋಳು ಮೇಲಕ್ಕೆ ಮಡಚಿ ಹಂಡೆಯ ಮುಂದೆ ನಿಂತಿದ್ದಾರೆ. ಕೈಯಲ್ಲೊಂದು ಉದ್ದನೆಯ ಕೋಲು. ಅದರ ತುಂಬ ಸಾಲಾಗಿ ಇಳಿಬಿದ್ದ ಹತ್ತಿ ನೂಲಿನ ಎಳೆಗಳು. ಕೋಲನ್ನು ನಿಧಾನವಾಗಿ ಇಳಿಸುತ್ತಾರೆ, ಎಳೆಗಳು ಕರಗಿದ ಕುರಿಕೊಬ್ಬಿನಲ್ಲಿ ಮುಳುಗುತ್ತವೆ, ಎತ್ತುತ್ತಾರೆ. ಮೊದಲ ಸಲ ಅದ್ದಿದಾಗ ಎಳೆಗಳು ಮುದುರಿಕೊಳ್ಳುತ್ತವೆ. ಬಿಸಿಯಿರುವಾಗಲೇ ಒಂದೊಂದನ್ನೂ ಬೆರಳಲ್ಲಿ ಎಳೆದು ನೇರ ಮಾಡುತ್ತಾರೆ, ಸಿಕ್ಕುಗಟ್ಟಿದ ಮಗುವಿನ ಕೂದಲು ಬಿಡಿಸುವ ಹಾಗೆ.

"ಅದ್ದೋದೇನು, ಯಾರು ಬೇಕಾದ್ರೂ ಅದ್ದಬಹುದು," ಎನ್ನುತ್ತಾರೆ ಕೋಲನ್ನು ಚೌಕಟ್ಟಿಗೆ ಏರಿಸುತ್ತ. "ಆರೋಕೆ ಬಿಡೋದೇ ಕಷ್ಟ. ಆತುರಪಟ್ಟು ಇನ್ನೊಂದು ಸಲ ಅದ್ದಿದ್ರೆ ಮೊದಲಿಂದೂ ಕರಗಿ ಹಂಡೆಗೇ ವಾಪಸ್ಸು."

ಬಾಗಿಲ ಬಳಿಯ ಮಣೆಯ ಮೇಲೆ ಕೂತು ನೂಲು ಹೊಸೆಯುತ್ತಿರುವವರು ಗಂಡ ಆಂಬ್ರೋಸ್. ಮಂಡಿ ಹಿಡಿದುಕೊಂಡು ನಾಲ್ಕು ವರ್ಷವಾಯಿತು. ನಿಂತು ಮಾಡುವ ಕೆಲಸವೆಲ್ಲ ಹೆಂಡತಿಗೆ ಬಂದಿದೆ, ಕೂತು ಆಡುವ ಮಾತೆಲ್ಲ ಇವರಿಗೆ ಉಳಿದಿದೆ.

"ಎಳೆ ದಪ್ಪ ಆಯ್ತು ಕಣ್ರೀ," ಎಂದು ಟ್ಯಾಮ್ಸಿನ್ ತಿರುಗಿ ನೋಡದೆಯೇ ಹೇಳುತ್ತಾರೆ.

"ನೋಡದೇನೇ ಹೇಗೆ ಗೊತ್ತಾಯ್ತೇ?"

"ನಿಮ್ಮ ಬಾಯಿ ಇಷ್ಟು ಹೊತ್ತಿಂದ ಸುಮ್ಮನಿತ್ತಲ್ಲ. ನಿದ್ದೆಗಣ್ಣಲ್ಲಿ ಹೊಸೆದಿರ್ತೀರ."

ಬೀದಿ ಬಾಗಿಲು ತಟ್ಟಿದ ಸದ್ದು. ಬಟ್ಟೆ ಒಗೆಯುವ ಸಿಸ್ಲಿ ಅಜ್ಜಿ ಬಂದಿದ್ದಾರೆ. ಬೆಳಕಾಗುವ ಮೊದಲೇ ನೀರೊಲೆ ಹಚ್ಚಬೇಕಾದವರಿಗೆ ದಿನವೂ ಒಂದು ಮೋಂಬತ್ತಿ ಬೇಕು. "ಡಾರ್ಕಸಮ್ಮಾ, ಒಂದು ಕೊಡು. ನಿನ್ನೆಯದು ಉಗುಳಿ ಉಗುಳಿ ಉರೀತು ನೋಡು, ನಮ್ಮ ಅಳಿಯನ ಹಾಗೆ."

"ಗಾಳಿಗೆ ಇಟ್ಟಿರ್ತೀಯ ಅಜ್ಜಿ," ಎನ್ನುತ್ತ ಟ್ಯಾಮ್ಸಿನ್ ಮೋಂಬತ್ತಿಯನ್ನು ಒಣಹುಲ್ಲಿನಲ್ಲಿ ಸುತ್ತಿ ಕೊಡುತ್ತಾರೆ. ಡಾರ್ಕಸಮ್ಮ ಎಂದು ಕರೆದದ್ದಕ್ಕೆ ಹುಬ್ಬು ಕೂಡ ಅಲುಗುವುದಿಲ್ಲ. ಹದಿನೈದು ವರ್ಷಗಳಿಂದ ಈ ಊರು ಆಕೆಯನ್ನು ಕರೆಯುತ್ತಿರುವುದು ಆ ಹೆಸರಿನಿಂದಲೇ. ಡಾರ್ಕಸ್ ಎಂಬವರು ಆಂಬ್ರೋಸ್ ಅವರ ಮೊದಲ ಹೆಂಡತಿ. ಚರ್ಚಿನ ಹಿಂದಿನ ಹಳೆಯ ಮರದ ಕೆಳಗೆ ಮಲಗಿದ್ದಾರೆ.

ಇದಕ್ಕೆ ಕಾರಣ ಒಂದು ಹಿತ್ತಾಳೆ ಬಿಲ್ಲೆ. ಬೆರಳ ತುದಿಯಷ್ಟು ಅಗಲ, ಒಣ ಎಲೆಯಷ್ಟು ತೆಳು. ಒಂದು ಬದಿಯಲ್ಲಿ ಕೋಲಿಗೆ ತೂಗುಬಿದ್ದ ಮೋಂಬತ್ತಿಗಳ ಚಿತ್ರ, ಸುತ್ತ ಆಂಬ್ರೋಸ್ ಹೆಸರು. ಇನ್ನೊಂದು ಬದಿಯಲ್ಲಿ ಊರಿನ ಹೆಸರು, ನಡುವೆ ಮೂರು ಅಕ್ಷರ. ಮೇಲೆ ಮನೆತನದ ಎಫ್, ಕೆಳಗೆ ಎಡಕ್ಕೆ ಗಂಡನ ಎ, ಬಲಕ್ಕೆ ಹೆಂಡತಿಯ ಡಿ. ಅಂಗಡಿಯ ಬಿಲ್ಲೆ ಎಂದರೆ ಹಾಗೆಯೇ. ಅಂಗಡಿ ನಡೆಸುವುದು ಇಬ್ಬರೂ ಸೇರಿ ಅಲ್ಲವೇ? ಬೇರೆ ಯಾವ ಕಾಗದದಲ್ಲೂ, ಯಾವ ಕಲ್ಲಿನಲ್ಲೂ ಹೆಸರಿಲ್ಲದ ಹೆಂಗಸರು ಈ ಬಿಲ್ಲೆಗಳ ಬಲಗಡೆ ಮೂಲೆಯಲ್ಲಿ ಒಂದಕ್ಷರವಾಗಿ ಇದ್ದಾರೆ.

ಟಂಕಸಾಲೆ ಆಗ ಬೆಳ್ಳಿಗಿಂತ ಕೆಳಗಿನ ನಾಣ್ಯ ಹೊಡೆಯುತ್ತಿರಲಿಲ್ಲ. ಸಿಸ್ಲಿ ಅಜ್ಜಿಯಂಥವರು ಒಂದು ಮೋಂಬತ್ತಿಗೆ, ಅರ್ಧ ಬ್ರೆಡ್ಡಿಗೆ ಬೆಳ್ಳಿ ಕೊಟ್ಟರೆ ಚಿಲ್ಲರೆ ತರುವುದು ಎಲ್ಲಿಂದ? ಅದಕ್ಕೇ ಅಂಗಡಿಯವರು ತಮ್ಮ ತಮ್ಮ ಬಿಲ್ಲೆ ಹೊಡೆಸಿ ಚಿಲ್ಲರೆಯಾಗಿ ಕೊಟ್ಟರು. ಮೋಂಬತ್ತಿ ಅಂಗಡಿಯ ಬಿಲ್ಲೆ ಎದುರಿನ ಬ್ರೆಡ್ಡಿನ ಅಂಗಡಿಯಲ್ಲಿ ನಡೆಯಿತು, ಬ್ರೆಡ್ಡಿನವರದು ಹೆಂಡದಂಗಡಿಯಲ್ಲಿ ನಡೆಯಿತು. ತಿರುಗಿ ತಿರುಗಿ ಎಲ್ಲವೂ ಹೊಡೆಸಿದವರ ಗಲ್ಲಾಪೆಟ್ಟಿಗೆಗೆ ಮರಳುತ್ತಿದ್ದವು. ಯಾರು ಯಾವಾಗ ತಂದರೂ ಹೊಡೆಸಿದವರು ಇಲ್ಲ ಎನ್ನುವಂತಿಲ್ಲ. ಬಿಲ್ಲೆಯಲ್ಲಿದ್ದ ಹಿತ್ತಾಳೆಗೆ ಬೆಲೆ ಏನೂ ಇಲ್ಲ. ಬೆಲೆಯೆಲ್ಲ ಆ ಮೂರು ಅಕ್ಷರದ ಮೇಲಿನ ನಂಬಿಕೆಗೆ.

ಈಗಿನ ದೊರೆ ಪಟ್ಟಕ್ಕೆ ಬರುವ ಮೊದಲು, ದೇಶಕ್ಕೆ ದೊರೆಯೇ ಇಲ್ಲದಿದ್ದ ವರ್ಷಗಳಲ್ಲಿ ಆಂಬ್ರೋಸ್ ಲಂಡನ್ನಿನಲ್ಲಿ ಅಚ್ಚು ಕೊರೆಸಿ ಬಿಲ್ಲೆ ತರಿಸಿದರು. ಮುಂದಿನ ಚಳಿಗಾಲದಲ್ಲೇ ಡಾರ್ಕಸ್ ಜ್ವರದಲ್ಲಿ ತೀರಿಕೊಂಡರು. ಬಿಲ್ಲೆಗಳು ಮಾತ್ರ ಸಂತೆಯಿಂದ ಸಂತೆಗೆ ಹೋಗುತ್ತಲೇ ಇದ್ದವು. ಜನ ಅವಕ್ಕೆ 'ಡಾರ್ಕಸ್' ಎಂದೇ ಹೆಸರಿಟ್ಟರು. 'ಎರಡು ಡಾರ್ಕಸ್ ಇದೆ, ಸೊಪ್ಪು ಕೊಡು' ಎನ್ನುವ ಮಾತು ಮೊನ್ನೆ ಮೊನ್ನೆಯವರೆಗೂ ಸಂತೆಯಲ್ಲಿ ಕೇಳುತ್ತಿತ್ತು. ಅಂಗಡಿ ಡಾರ್ಕಸ್ ಅಂಗಡಿಯಾಯಿತು. ಅಂಗಡಿಯಲ್ಲಿ ನಿಂತ ಹೆಂಗಸು, ಅವರು ಯಾರೇ ಇರಲಿ, ಡಾರ್ಕಸಮ್ಮ.

ಟ್ಯಾಮ್ಸಿನ್ ಈ ಮನೆಗೆ ಬಂದದ್ದು ಕೆಲಸದವಳಾಗಿ. ತಾಯಿಯಿಲ್ಲದ ನಾಲ್ಕು ವರ್ಷದ ಜುಡಿತ್‌ಳನ್ನು ನೋಡಿಕೊಳ್ಳಲು ಪಕ್ಕದ ಹಳ್ಳಿಯಿಂದ ಕರೆಸಿದ್ದರು. ವರ್ಷ ಕಳೆಯುವುದರೊಳಗೆ ಮದುವೆಯಾಯಿತು. ಮಗು ಮೊದಮೊದಲು ಇವರ ಕೈಯಿಂದ ಗಂಜಿ ಕೂಡ ಕುಡಿಯಲಿಲ್ಲ. ನೆರೆಯ ಯಾರೋ ಒಬ್ಬರು ಅದಕ್ಕೆ ಬಿಲ್ಲೆ ತೋರಿಸಿ 'ಇದು ನಿಮ್ಮಮ್ಮ' ಎಂದು ಹೇಳಿಬಿಟ್ಟಿದ್ದರು. ಅದು ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಿತ್ತು. ಬೆಳಗ್ಗೆ ನೋಡಿದರೆ ಅಂಗೈ ಹಸಿರು ಕಟ್ಟಿರುತ್ತಿತ್ತು. ಟ್ಯಾಮ್ಸಿನ್ ದಿನಾ ಬೆಳಗ್ಗೆ ಆ ಅಂಗೈಯನ್ನು ತೌಡು ಹಾಕಿ ತಿಕ್ಕಿ ತೊಳೆದು, ಬಿಲ್ಲೆಯನ್ನೂ ತೊಳೆದು ಒರೆಸಿ, ಮತ್ತೆ ಅದೇ ಕೈಯಲ್ಲಿ ಇಡುತ್ತಿದ್ದರು.

ಆ ವರ್ಷವೇ ಮೊದಲು ತಂದ ಬಿಲ್ಲೆಗಳು ಕಡಿಮೆಯಾದವು. "ನಾನಾಗೇ ಕೇಳ್ದೆ," ಎನ್ನುತ್ತಾರೆ ಆಂಬ್ರೋಸ್, ನೂಲು ಬಿಟ್ಟು. "ಲಂಡನ್ನಿಗೆ ಹೇಳಿ ಕಳಿಸ್ತೀನಿ, ಡಿ ತೆಗೆದು ಟಿ ಹಾಕಿಸಲಾ ಅಂತ. ಇವಳೇ ಬೇಡ ಅಂದ್ಲು."

"ಹೊಸ ಅಚ್ಚಿಗೆ ದುಡ್ಡು ಯಾಕೆ ದಂಡ, ಇರೋ ಅಚ್ಚಲ್ಲೇ ಹೊಡೆಸಿ ಅಂದೆ," ಎಂದು ಟ್ಯಾಮ್ಸಿನ್ ಹಂಡೆಯ ಮೇಲಿನ ನೊರೆ ತೆಗೆಯುತ್ತಾರೆ. ನೊರೆ ತೆಗೆದು ಮುಗಿಸಿ ಹೇಳುತ್ತಾರೆ. "ದುಡ್ಡಿಂದಲ್ಲ. ಆ ಮಗು ಮುಷ್ಟಿಯಲ್ಲಿ ಇದ್ದಿದ್ದು ಅವಳಮ್ಮ. ಬೇರೆ ಏನು ಉಳಿದಿತ್ತು ಅದಕ್ಕೆ? ನಾಳೆ ಅಕ್ಷರ ಬೇರೆ ಆದ್ರೆ, ಇದು ಯಾರು ಅಂತ ಕೇಳತ್ತೆ. ನಾನು ಏನು ಹೇಳ್ಲಿ?"

ಮಗು ಬೆಳೆಯಿತು. ಯಾವಾಗಲೋ ಒಂದು ದಿನ ಬಿಲ್ಲೆ ಮುಷ್ಟಿಯಿಂದ ಜಾರಿತು, ಮುಷ್ಟಿ ಟ್ಯಾಮ್ಸಿನ್ ಅವರ ಲಂಗವನ್ನು ಹಿಡಿಯಿತು. ಅವಳ ಮಟ್ಟಿಗೆ ಅಮ್ಮ ಎಂದರೆ ಇವರೇ ಆದರು. ಅಷ್ಟು ಹೊತ್ತಿಗೆ ಅಕ್ಷರದ ಮಾತನ್ನು ಎಲ್ಲರೂ ಮರೆತಿದ್ದರು. ಬಿಲ್ಲೆ ಮುಗಿದಾಗಲೆಲ್ಲ ಅದೇ ಅಚ್ಚಿನಲ್ಲಿ ಹೊಸದು ಬರುತ್ತಿತ್ತು. ಅದೇ ಎಫ್, ಅದೇ ಎ, ಅದೇ ಡಿ.

"ಅವರು ಇನ್ನೊಂದು ಸಲ ಕೇಳ್ತಾರೆ ಅಂತ ನಾನು ಕಾದೆ," ಎನ್ನುತ್ತಾರೆ ಟ್ಯಾಮ್ಸಿನ್.

"ಬೇಡ ಅಂದಿದ್ಯಲ್ಲ, ಮತ್ಯಾಕೆ ಕೇಳೋದು ಅಂತ ನಾನು ಸುಮ್ಮನಾದೆ," ಎನ್ನುತ್ತಾರೆ ಆಂಬ್ರೋಸ್.

ಇಬ್ಬರೂ ಒಂದು ಕ್ಷಣ ಹಂಡೆಯತ್ತ ನೋಡುತ್ತಾರೆ. ಕೊಬ್ಬು ಸಣ್ಣಗೆ ಗುಳುಗುಳು ಎನ್ನುತ್ತಿದೆ.

ಈ ನಡುವಿನ ವರ್ಷಗಳು ಸುಲಭದವಲ್ಲ. ಕಟುಕರ ಮನೆಯಿಂದ ಹೊತ್ತು ತಂದ ಹಸಿ ಕೊಬ್ಬನ್ನು ಆ ದಿನವೇ ಕತ್ತರಿಸಿ ಕರಗಿಸದಿದ್ದರೆ ಹುಳ ಬೀಳುತ್ತದೆ. ಬೇಸಿಗೆಯಲ್ಲಿ ಮೋಂಬತ್ತಿ ಗಟ್ಟಿಯಾಗುವುದಿಲ್ಲ. ಬೆಳಗಿನ ತಂಪಿನ ಎರಡು ತಾಸಿನಲ್ಲಿ ಆದಷ್ಟೇ ಕೆಲಸ. ಚಳಿಗಾಲದಲ್ಲಿ ಊರಿಗೆಲ್ಲ ಬೆಳಕು ಬೇಕು, ಆಗ ಊಟ ನಿಂತುಕೊಂಡೇ. ಒಂದು ತುಂಡು ಬ್ರೆಡ್ಡು, ಒಂದು ಈರುಳ್ಳಿ, ತೆಳು ಬಿಯರ್. ಹಂಡೆ ಉಕ್ಕಿ ಎಡ ಮುಂಗೈ ಸುಟ್ಟುಕೊಂಡ ಗುರುತು ಈಗಲೂ ಮಿರುಗುತ್ತದೆ. ಬೆರಳ ತುದಿಗಳಿಗೆ ಬಿಸಿ ತಾಗುವುದು ನಿಂತೇ ಹೋಗಿದೆ. "ಒಳ್ಳೇದೇ ಆಯ್ತು ಬಿಡಿ, ಒಲೆಯಿಂದ ಬರಿಗೈಯಲ್ಲಿ ಪಾತ್ರೆ ಇಳಿಸ್ತೀನಿ," ಎಂದು ನಗುತ್ತಾರೆ. ಹೊಟ್ಟೆಯಲ್ಲಿ ಹುಟ್ಟಿದ ಎರಡು ಮಕ್ಕಳು ಉಳಿಯಲಿಲ್ಲ. ಆ ಮಾತು ಬಂದಾಗ ನಗುವುದಿಲ್ಲ, ನೂಲಿನ ಎಳೆ ಸರಿಪಡಿಸುತ್ತಾರೆ.

ಜುಡಿತ್‌ಗೆ ಹೋದ ವರ್ಷ ಮದುವೆಯಾಯಿತು. ಗಂಡ ಇದೇ ಊರಿನಲ್ಲಿ ಕುದುರೆ ಜೀನು ಹೊಲಿಯುವವನು. ಹೊಸ ಸಂಸಾರ, ಹೊಸ ಅಂಗಡಿ. ಅವನೂ ಬಿಲ್ಲೆ ಹೊಡೆಸಿದ. ಬಲಗಡೆ ಮೂಲೆಯಲ್ಲಿ ತನ್ನ ಅಕ್ಷರ ನೋಡಿ ಜುಡಿತ್ ಹಿಗ್ಗಿ, ಅದನ್ನು ತೋರಿಸಲು ತವರಿಗೆ ಓಡಿ ಬಂದಳು. ಟ್ಯಾಮ್ಸಿನ್ ಅದನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಸವರಿ, "ಎಷ್ಟು ಚೆನ್ನಾಗಿದೆಯೇ," ಎಂದರು. ಮತ್ತೆ ಸವರಿದರು. ಓದು ಬಾರದವರು ಅಕ್ಷರವನ್ನು ಬೆರಳಿನಿಂದಲೇ ನೋಡುತ್ತಾರೆ.

"ಆಗ ನನಗೆ ಹೊಳೀತು," ಎನ್ನುತ್ತಾಳೆ ಜುಡಿತ್. "ಅಮ್ಮಾ, ನಿಂದೆಲ್ಲಿ ಅಂತ ಕೇಳ್ದೆ. ನನಗ್ಯಾಕೆ ಬಿಡೇ ಅಂದ್ಲು. ನನಗೆ ಬುದ್ಧಿ ಬಂದಾಗಿಂದ ಆ ಬಿಲ್ಲೆ ನೋಡಿದೀನಿ, ಒಂದು ದಿನವಾದ್ರೂ ಇದು ತಲೆಗೆ ಬಂದಿತ್ತಾ? ಕುರುಡಿ."

ಈ ವರ್ಷದ ವಸಂತದಿಂದ ಅವಳು ಬಾತುಕೋಳಿ ಸಾಕಿ ಪುಕ್ಕ ಮಾರಿ ಕೂಡಿಟ್ಟಳು. ತಂದೆಯ ಕೈಯಲ್ಲಿ ಗುಟ್ಟಾಗಿ ಲಂಡನ್ನಿಗೆ ಹೇಳಿಸಿದಳು. ಎಫ್ ಕೆಳಗೆ ಎ ಮತ್ತು ಟಿ. ದೊರೆ ತನ್ನದೇ ತಾಮ್ರದ ಚಿಲ್ಲರೆ ತರುತ್ತಾನಂತೆ ಎಂಬ ಗಾಳಿಮಾತು ಅವಳ ಕಿವಿಗೂ ಬಿದ್ದಿತ್ತು. ಆದರೆ ಆ ಮಾತು ಎಷ್ಟೋ ವರ್ಷಗಳಿಂದ ಬೀಸುತ್ತಲೇ ಇತ್ತು, ಯಾರು ನಂಬುತ್ತಾರೆ?

ಆಗಸ್ಟಿನ ಆ ಸಂತೆ ದಿನವನ್ನು ಕುರಿಪೇಟೆ ಬೀದಿ ಇನ್ನೂ ಮರೆತಿಲ್ಲ. ಸಾಮಾನು ಗಾಡಿಯ ಲ್ಯೂಕ್ ಲಂಡನ್ ದಾರಿಯ ಧೂಳು ಮೆತ್ತಿಕೊಂಡು ಬಂದು ಗಲ್ಲಾದ ಮೇಲೆ ಒಂದು ಚರ್ಮದ ಚೀಲ ಇಟ್ಟ. ಹಿಂದೆಯೇ ಜುಡಿತ್, ಮೊಣಕೈವರೆಗೆ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿ ಬಂದಳು.

"ಬಿಚ್ಚು ಅಮ್ಮಾ, ಬಿಚ್ಚೇ."

"ಏನಿದು? ಮೊಳೆಯಾ?"

"ಹೂಂ, ಮೊಳೆ! ಬಿಚ್ಚು ಅಂದ್ರೆ."

ಟ್ಯಾಮ್ಸಿನ್ ಒಂದನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು. ಹೊಸ ಹಿತ್ತಾಳೆ, ಹಳದಿ ಹೂವಿನಂತಿತ್ತು. ಮೇಲೆ ಎಫ್, ಎಡಕ್ಕೆ ಎ. ಬಲಕ್ಕೆ ಬೆರಳು ಸರಿಸಿದರು. ಅಡ್ಡ ಒಂದು ಗೆರೆ, ಅದರಿಂದ ಕೆಳಗೆ ಇಳಿದ ಒಂದು ಗೆರೆ.

"ಕೋಲಿಗೆ ತೂಗುಬಿಟ್ಟ ಮೋಂಬತ್ತಿ ಇದ್ದ ಹಾಗಿದೆ," ಎಂದರು. ಮತ್ತೆ ಸವರಿದರು.

ಅಷ್ಟರಲ್ಲಿ ಸಂತೆಕಟ್ಟೆಯ ಕಡೆಯಿಂದ ಗಂಟೆ ಬಾರಿಸಿದ ಸದ್ದು. ಡಂಗುರದವನು ಏನೋ ಓದುತ್ತಿದ್ದ. ಕೇಳಿಕೊಂಡು ಬಂದ ಲ್ಯೂಕ್ ಬಾಗಿಲಲ್ಲಿ ನಿಂತು ಟೋಪಿ ತೆಗೆದ. "ಬಿಲ್ಲೆ ಎಲ್ಲ ಬಂದ್ ಅಂತೆ ಯಜಮಾನ್ರೇ. ದೊರೆಯದೇ ತಾಮ್ರದ ಕಾಸು ಬಂತಂತೆ. ಇನ್ಮೇಲೆ ಅಂಗಡಿಯೋರು ತಮ್ಮದು ಕೊಟ್ರೆ ತಪ್ಪು, ಶಿಕ್ಷೆ. ಹಿಂದೆ ಕೊಟ್ಟಿದ್ದನ್ನೆಲ್ಲ ವಾಪಸ್ ತಗೊಳ್ಳಬೇಕಂತೆ." ಗಲ್ಲಾದ ಮೇಲಿನ ಚೀಲ ನೋಡಿ, "ನಾನು ದಾರೀಲಿ ಕುದುರೆಗೆ ಲಾಳ ಕಟ್ಟಿಸ್ತಾ ಒಂದು ದಿನ ಕೂತೆ," ಎಂದು ತಲೆ ತಗ್ಗಿಸಿದ.

ಸಿಸ್ಲಿ ಅಜ್ಜಿ ಆಗ ಅಂಗಡಿಯಲ್ಲೇ ಇದ್ದರು. ಬೆಳ್ಳಿಯ ಪೆನ್ನಿಯೊಂದನ್ನು ಕೊಟ್ಟು ಮೋಂಬತ್ತಿಯನ್ನೂ ಉಳಿದ ಚಿಲ್ಲರೆಯನ್ನೂ ಕಾಯುತ್ತ ನಿಂತಿದ್ದರು. ಆಂಬ್ರೋಸ್ ಮಣೆಯಿಂದ ಗೋಡೆ ಹಿಡಿದು ಎದ್ದರು. ಅವರು ಹಾಗೆ ತಾವಾಗಿ ಎದ್ದದ್ದನ್ನು ಜುಡಿತ್ ಎಷ್ಟೋ ತಿಂಗಳಿಂದ ನೋಡಿರಲಿಲ್ಲ.

"ಡಂಗುರ ಇನ್ನೂ ನಮ್ಮ ಬೀದಿಗೆ ಬಂದಿಲ್ಲ," ಎಂದರು. "ಇಲ್ಲಿ ಬಂದು ಓದೋವರೆಗೆ ನಮಗೆ ಗೊತ್ತಿಲ್ಲ, ಅಷ್ಟೇ. ಅಜ್ಜಿಗೆ ಚಿಲ್ಲರೆ ಕೊಡು ಟ್ಯಾಮ್ಸಿನ್. ಆ ಚೀಲದಿಂದ ಕೊಡು. ಒಂದಾದ್ರೂ ಹೋಗ್ಲಿ ಹೊರಗೆ."

"ಕೊಡಮ್ಮಾ," ಎಂದಳು ಜುಡಿತ್.

"ಯಾವುದಾದ್ರೂ ಕೊಡ್ರಪ್ಪ, ನನ್ನ ಒಲೆ ಆರತ್ತೆ," ಎಂದರು ಅಜ್ಜಿ.

ಟ್ಯಾಮ್ಸಿನ್ ಕೈ ಚೀಲದೊಳಗೆ ಹೋಯಿತು. ಒಂದು ಬಿಲ್ಲೆ ಹಿಡಿದುಕೊಂಡೇ ಮೇಲೆ ಬಂತು. ಅಜ್ಜಿಯ ಒದ್ದೆ ಅಂಗೈ ಗಲ್ಲಾದ ಮೇಲೆ ಚಾಚಿತ್ತು. ಬಟ್ಟೆ ಒಗೆಯುವ ಬೂದಿನೀರಿನ ಕ್ಷಾರಕ್ಕೆ ಬಿರಿದು ಬಿಳಿಚಿದ ಅಂಗೈ. ಆ ಕೈ ನೋಡುತ್ತ ಟ್ಯಾಮ್ಸಿನ್ ನಿಂತರು. ಗಂಟೆ ಸದ್ದು ಮೀನುಪೇಟೆ ದಾಟಿ ಇತ್ತ ತಿರುಗಿತ್ತು.

ಆಮೇಲೆ ಬಿಲ್ಲೆಯನ್ನು ಚೀಲಕ್ಕೇ ಹಾಕಿದರು. "ಇಟ್ಕೊ ಅಜ್ಜಿ," ಎಂದು ಬೆಳ್ಳಿ ಪೆನ್ನಿಯನ್ನು ಮೋಂಬತ್ತಿಯ ಜೊತೆ ಅದೇ ಅಂಗೈಗೆ ಹಿಂತಿರುಗಿಸಿದರು. "ನಾಳೆ ಲೆಕ್ಕ ನೋಡೋಣ."

"ಯಾಕೇ?" ಎಂದು ಆಂಬ್ರೋಸ್ ಕೂಗಿದರಂತೆ. ಆ ದನಿ ಬೀದಿಯಾಚೆಗೂ ಕೇಳಿಸಿತು ಎನ್ನುತ್ತಾರೆ ಬ್ರೆಡ್ಡಿನ ಅಂಗಡಿಯವರು.

"ನಾಳೆ ಇದನ್ನ ಹಿಡ್ಕೊಂಡು ಅಜ್ಜಿ ಬ್ರೆಡ್ಡಿಗೆ ಹೋದ್ರೆ ಯಾರು ಕೊಡ್ತಾರೆ?" ಎಂದರಂತೆ ಟ್ಯಾಮ್ಸಿನ್. "ನಡೆಯಲ್ಲ ಅಂತ ಗೊತ್ತಿದ್ದೂ ಕೊಡೋದಾ? ನನ್ನ ಹೆಸರಲ್ಲಿ ಕೊಡೋ ಮೊದಲನೇದೇ ಸುಳ್ಳಾಗ್ಲಾ?"

ಡಂಗುರದವನು ಬಂದು ಓದಿ ಹೋದ. ಜುಡಿತ್ ಗಲ್ಲಾದ ಹಿಂದೆ ನೆಲದ ಮೇಲೆ ಕೂತು ಅತ್ತಳು. ಅವಳ ಹಿಟ್ಟಿನ ಕೈ ಟ್ಯಾಮ್ಸಿನ್ ಅವರ ಕಪ್ಪು ಲಂಗದ ಮೇಲೆ ಅಚ್ಚೊತ್ತಿತ್ತು. ಟ್ಯಾಮ್ಸಿನ್ ಆ ದಿನವಿಡೀ ಅದನ್ನು ಕೊಡವಲಿಲ್ಲ.

ಈಗ ಅಕ್ಟೋಬರ್. ಆ ದಿನದಿಂದ ಈ ಅಂಗಡಿಗೆ ಡಾರ್ಕಸ್ ಬಿಲ್ಲೆಗಳು ಬರುತ್ತಲೇ ಇವೆ. ಹಾಸಿಗೆಯ ಹುಲ್ಲಿನಿಂದ, ಕೋಟಿನ ಹೊಲಿಗೆಯಿಂದ, ನೆಲದ ಹಲಗೆಯ ಸಂದಿಯಿಂದ ಹೆಕ್ಕಿ ತರುತ್ತಾರೆ. ಕೆಲವಂತೂ ಅಕ್ಷರ ಅಳಿಸಿ ಬರಿ ತಗಡಾಗಿವೆ. ಟ್ಯಾಮ್ಸಿನ್ ಯಾವುದನ್ನೂ ಬೇಡ ಎಂದಿಲ್ಲ. ದೊರೆಯ ತಾಮ್ರದ ಕಾಸು ಇದ್ದರೆ ಅದು, ಇಲ್ಲದಿದ್ದರೆ ಮೋಂಬತ್ತಿ. ಹೋದ ವಾರ ಮೂರು ಹಳ್ಳಿ ಆಚೆಯ ಕುರುಬನೊಬ್ಬ ಒಂದೇ ಒಂದು ಬಿಲ್ಲೆ ಹಿಡಿದು ಮಧ್ಯಾಹ್ನದ ತನಕ ನಡೆದು ಬಂದಿದ್ದ. 'ಡಾರ್ಕಸಮ್ಮ ಮಾತಿಗೆ ತಪ್ಪಲ್ಲ ಅಂತ ನಮ್ಮಪ್ಪ ಹೇಳ್ತಿದ್ದ' ಎಂದ. ಅವನಿಗೆ ಮೋಂಬತ್ತಿಯ ಜೊತೆ ಒಂದು ಲೋಟ ಬಿಯರೂ ಸಿಕ್ಕಿತು.

ಇವತ್ತು ಸಿಸ್ಲಿ ಅಜ್ಜಿ ಹೊಸ ಕಾಸನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ. ಒಂದು ಬದಿ ದೊರೆಯ ತಲೆ, ಇನ್ನೊಂದು ಬದಿ ಈಟಿ ಹಿಡಿದು ಕೂತ ಹೆಂಗಸು. "ಇವಳ್ಯಾರು? ದೊರೆ ಹೆಂಡ್ತಿನಾ?"

"ಅಲ್ಲ ಅಜ್ಜಿ, ಅದು ದೇಶವಂತೆ," ಎನ್ನುತ್ತಾರೆ ಆಂಬ್ರೋಸ್.

"ನಮ್ಮ ದೇಶಕ್ಕೆ ಹಿಂಗೆ ಸುಮ್ಮನೆ ಕೂರೋಕೆ ಪುರುಸೊತ್ತಿದೆಯಾ! ಒಂದು ದಿನ ನನ್ನ ಜೊತೆ ಬಟ್ಟೆ ಒಗೆಯೋಕೆ ಕಳಿಸು."

ಮರಳಿ ಬಂದ ಡಾರ್ಕಸ್ ಬಿಲ್ಲೆಗಳನ್ನು ಹಿತ್ತಾಳೆ ಕೆಲಸದವರು ಕರಗಿಸಲು ಒಯ್ಯುತ್ತಾರೆ. ಅದರಲ್ಲಿ ಚೆನ್ನಾಗಿದ್ದ ಒಂದನ್ನು ಟ್ಯಾಮ್ಸಿನ್ ತೊಳೆದು ಒರೆಸಿ ಜುಡಿತ್ ಕೈಯಲ್ಲಿ ಇಟ್ಟಿದ್ದಾರೆ, ಹಿಂದೆ ಇಡುತ್ತಿದ್ದ ಹಾಗೆಯೇ. ಚರ್ಮದ ಚೀಲವನ್ನು ಮಾತ್ರ ಕರಗಿಸಲು ಕೊಟ್ಟಿಲ್ಲ. ಅದು ಹಂಡೆಯ ಪಕ್ಕದ ತಕ್ಕಡಿಯಲ್ಲಿದೆ. ಅದ್ದಿ ಆರಿಸಿದ ಕೋಲನ್ನು ತಕ್ಕಡಿಯ ಒಂದು ಕೊನೆಗೆ ತೂಗುಹಾಕಿ, ಮೋಂಬತ್ತಿ ಸಾಕಷ್ಟು ದಪ್ಪವಾಯಿತೇ ಎಂದು ನೋಡುತ್ತಾರೆ. ಇನ್ನೊಂದು ಕೊನೆಯ ತಟ್ಟೆಯಲ್ಲಿ ಮೊದಲು ಹೊಳೆಯ ಕಲ್ಲುಗಳಿದ್ದವು. ಈಗ ಆ ಚೀಲ. ಈ ಊರಿನಲ್ಲಿ ಉರಿಯುವ ಒಂದೊಂದು ಮೋಂಬತ್ತಿಯೂ ಅದರೆದುರು ತೂಗಿಯೇ ಹೊರಗೆ ಹೋಗುತ್ತದೆ. ಯಾರಿಗೂ ಗೊತ್ತಿಲ್ಲ.

"ಒಂದು ವರ್ಷ ಮೊದಲು ಹೊಳೆದಿದ್ರೆ," ಎಂದು ಜುಡಿತ್ ಈಗಲೂ ಶುರುಮಾಡುತ್ತಾಳೆ.

"ಸಾಕು ಸುಮ್ಮನಿರೇ. ನೀನು ಹಸಿರು ಕೈ ಇಟ್ಕೊಂಡು ಮಲಗ್ತಿದ್ದೋಳು, ನಿನಗೇನು ಗೊತ್ತಾಗಬೇಕಿತ್ತು?"

ಬೇಸರವಿಲ್ಲವೇ ಎಂದು ಕೇಳಿದರೆ ಟ್ಯಾಮ್ಸಿನ್ ಕೋಲನ್ನು ಇಳಿಸುತ್ತಾರೆ, ಎತ್ತುತ್ತಾರೆ, ಹನಿ ನಿಲ್ಲುವ ತನಕ ಹಿಡಿದು ಕಾಯುತ್ತಾರೆ.

"ಹೆಸರು ಊರೆಲ್ಲ ತಿರುಗಬೇಕು ಅಂತ ಆಸೆ ಇರಲಿಲ್ಲ," ಎನ್ನುತ್ತಾರೆ ಕೊನೆಗೆ. "ಡಾರ್ಕಸಕ್ಕ ಕೊಟ್ಟ ಮಾತನ್ನ ಇಷ್ಟು ವರ್ಷ ನಾನು ನಡೆಸ್ಕೊಟ್ಟೆ. ಒಂದನ್ನೂ ಇಲ್ಲ ಅನ್ನಲಿಲ್ಲ. ಒಂದೇ ಒಂದು ಸಲ ಯಾರಾದ್ರೂ ಆ ಹೊಸ ಬಿಲ್ಲೆ ತಂದು ಗಲ್ಲಾದ ಮೇಲಿಟ್ಟು, ಟ್ಯಾಮ್ಸಿನ್, ಇದು ನಿಂದು, ಇದಕ್ಕೆ ಮೋಂಬತ್ತಿ ಕೊಡು ಅಂತ ಕೇಳ್ಬೇಕಿತ್ತು."

ಕೋಲನ್ನು ಚೌಕಟ್ಟಿಗೆ ಏರಿಸುತ್ತಾರೆ. ಮುಂದಿನದನ್ನು ಕೈಗೆತ್ತಿಕೊಳ್ಳುತ್ತಾರೆ.

"ಕೊಡ್ತಿದ್ದೆ."